ಡಿಪ್ರೈವ್ ಆಗೋದು ಜಮೀನಲ್ಲ

ಮೊನ್ನೆ ಭಾನುವಾರ ಸಾಗರದ ಮನೆಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಅಣ್ಣನ ಮಗಳು ಇಂಗ್ಲಿಷ್ ನೋಟ್‌ಬುಕ್ ಹಿಡಿದು ಮುಖ ಊದಿಸಿಕೊಂಡು ಕೂತಿದ್ದಳು. ‘ಡಿಪ್ರೈವ್’ ಪದ ಬಳಸಿ ಎರಡು ಸ್ವಂತ ವಾಕ್ಯ ಬರೆಯಬೇಕಿತ್ತಂತೆ. ಒಂದು ಬರೆದಿದ್ದಳು: ‘ದಿ ಡ್ಯಾಮ್ ಡಿಪ್ರೈವ್ಡ್ ಅವರ್ ಲ್ಯಾಂಡ್.’ ಅದರ ಮೇಲೆ ಕೆಂಪು ಗೀಟು.

“ಡಿಪ್ರೈವ್ ಅಂದ್ರೆ ಕಿತ್ಕೊಳ್ಳೋದು ಅಲ್ವಾ ಚಿಕ್ಕಪ್ಪ? ಡ್ಯಾಮು ನಮ್ಮ ಜಮೀನು ಕಿತ್ಕೊಳ್ತು. ತಪ್ಪೇನು?”

ಅರ್ಥ ಸರಿಯಾಗೇ ಇದೆ, ಜೋಡಿಸಿದ್ದು ತಪ್ಪು. ಕನ್ನಡದಲ್ಲಿ ಜಮೀನನ್ನು ಕಿತ್ತುಕೊಳ್ಳುತ್ತಾರೆ, ಪೆನ್ನನ್ನು ಕಸಿದುಕೊಳ್ಳುತ್ತಾರೆ. ‘ಅನ್ನು’ ಅಂಟೋದು ವಸ್ತುವಿಗೆ. ಈ ಇಂಗ್ಲಿಷ್ ಪದ ಮೊದಲು ಹಿಡಿಯೋದು ಕಳೆದುಕೊಂಡವರನ್ನು. ಕಳೆದುಹೋದದ್ದು ಆಮೇಲೆ, ‘ಆಫ್’ ಕೈ ಹಿಡಿದುಕೊಂಡು ಬರುತ್ತದೆ. ‘ಡಿಪ್ರೈವ್ಡ್ ಅಸ್ ಆಫ್ ಅವರ್ ಲ್ಯಾಂಡ್.’ ‘ರಾಬ್’ ಕೂಡ ಇದೇ ಜಾತಿ. ಬ್ಯಾಂಕನ್ನು ರಾಬ್ ಮಾಡುತ್ತಾರೆ, ದುಡ್ಡನ್ನು ಸ್ಟೀಲ್ ಮಾಡುತ್ತಾರೆ.

‘ಡಿಪ್ರೈವ್’ ಪದದ ಮೂಲ ಲ್ಯಾಟಿನ್‌ನದ್ದು. ‘ಪ್ರೈವೇಟ್’ ಹುಟ್ಟಿದ್ದೂ ಅದೇ ಬೇರಿನಿಂದ. ಒಂದರಲ್ಲಿ ತನ್ನದು, ಇನ್ನೊಂದರಲ್ಲಿ ತನ್ನದು ಹೋದದ್ದು. ನಮ್ಮ ಸಂವಿಧಾನದ 21ನೇ ವಿಧಿಯ ಇಂಗ್ಲಿಷ್ ಪಠ್ಯದಲ್ಲಿ, ಜೀವ ಮತ್ತು ಸ್ವಾತಂತ್ರ್ಯದ ವಿಷಯಕ್ಕೆ ಬಳಸಿರೋದು ಇದೇ ಪದ. ಆಸ್ತಿಯ ಬಗ್ಗೆ ಹೇಳುವ 300ಎ ವಿಧಿಯಲ್ಲೂ ಇದೇ. 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಸಾಲಿನಿಂದ ತೆಗೆದು ಅಲ್ಲಿಗೆ ಕಳಿಸಿತು. ಅಂದರೆ 1964ರಲ್ಲಿ ಶರಾವತಿಯ ಲಿಂಗನಮಕ್ಕಿಯಲ್ಲಿ, ಹುಡುಗಿ ಬರೆದ ಅದೇ ಡ್ಯಾಮಿನಲ್ಲಿ, ನೀರು ನಿಂತಾಗ ಆಸ್ತಿ ಇನ್ನೂ ಮೂಲಭೂತ ಹಕ್ಕೇ ಆಗಿತ್ತು! ಇದನ್ನು ಅವಳಿಗೆ ಹೇಳಲಿಲ್ಲ. ಹೋಂವರ್ಕ್ ಮುಗಿಯೋದು ಬೇಡವಾ?

ಇದಕ್ಕೆ ಕನ್ನಡದಲ್ಲಿ ಎಲ್ಲರೂ ಬರೆಯೋದು ‘ವಂಚಿತ’. ಪೇಪರಿನಲ್ಲಂತೂ ದಿನಾ ಯಾರಾದರೊಬ್ಬರು ಸೌಲಭ್ಯವಂಚಿತರು. ನನಗೆ ಆ ಪದ ಕಂಡರೆ ಆಗಲ್ಲ. ವಂಚನೆ ಅಂದರೆ ಮೋಸ. ಡಿಪ್ರೈವ್‌ನಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಗೆಜೆಟ್‌ನಲ್ಲಿ ಹಾಕಿ, ನೋಟಿಸ್ ಕೊಟ್ಟು, ಎಲ್ಲಾ ಕಾನೂನು ಪ್ರಕಾರವೇ ಮಾಡಬಹುದು. ಅದಕ್ಕಿಂತ ಹಳೆಯ ‘ಎರವಾದರು’ ವಾಸಿ. ಆದರೆ ಅದನ್ನು ಈಗ ಪ್ರಾಣಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ.

ಇನ್ನೊಂದು ಸೂಕ್ಷ್ಮ ಇದೆ. ಇದ್ದದ್ದು ಹೋದರೂ ಡಿಪ್ರೈವ್, ಸಿಗಬೇಕಾದ್ದು ಸಿಗದೇ ಇದ್ದರೂ ಡಿಪ್ರೈವ್. ಡ್ಯಾಮಿನ ಹಿನ್ನೀರಿನ ಆಚೆ ಇರೋ ತುಮರಿ ಕಡೆಯವರಿಗೆ ಎರಡೂ ಆಯಿತು. ಗದ್ದೆ ಹೋಯಿತು. ಹಿನ್ನೀರು ದಾಟೋಕೆ ಸೇತುವೆ ಬಂದದ್ದು 2025ರ ಜುಲೈನಲ್ಲಿ. ಅಲ್ಲಿವರೆಗೆ ಬಸುರಿ ಹೆಂಗಸಾದರೂ ಲಾಂಚ್ ಕಾಯಬೇಕಿತ್ತು.

ಆದರೆ ಕೆಟ್ಟದ್ದು ಹೋದರೆ ಈ ಪದ ನಡೆಯಲ್ಲ. ಜ್ವರ ಬಿಟ್ಟವನು ಜ್ವರದಿಂದ ಡಿಪ್ರೈವ್ ಆಗಲ್ಲ. ಇದನ್ನು ಹೇಳಿದ್ದೇ ತಡ, ಹುಡುಗಿ ಕೇಳಿದಳು: “ಹಳೇ ಊರಲ್ಲಿ ರಕ್ತ ಹೀರ್ತಿದ್ದ ಉಂಬಳಾನೂ ಹೋಯ್ತಲ್ಲ, ಅದಕ್ಕೆ?”

ಅಡಿಕೆ ಸುಲಿಯುತ್ತಾ ಕೂತಿದ್ದ ಅಮ್ಮ ತಲೆ ಎತ್ತಿದರು. ಊರು ಬಿಟ್ಟಾಗ ಅವರಿಗೆ ಹತ್ತು ವರ್ಷ. “ಉಂಬಳ ಎಲ್ಲಿಗೆ ಹೋಗ್ತದೆ ಮಾರಾಯ್ತಿ, ನಮ್ಮ ಹಿಂದೆನೇ ಬಂತು. ಅಲ್ಲ, ಡ್ಯಾಮು ಕಿತ್ಕೊಳ್ತು ಅಂತ ನಾವ್ಯಾವತ್ತು ಅಂದಿದೀವಿ? ಮುಳುಗಡೆ ಆಯ್ತು ಅಂತೀವಿ, ಅಷ್ಟೇ.”

ನಿಜ. ನಾನು ಹುಟ್ಟಿದಾಗಿನಿಂದ ಕೇಳಿದ್ದು ಇದೊಂದೇ ಮಾತು. ಮುಳುಗಡೆ ಆಯ್ತು. ಮಳೆ ಬಂತು, ಬೆಳಗಾಯ್ತು ಅನ್ನೋ ಹಾಗೆ. ಮುಳುಗಿಸಿದವರೂ ಇಲ್ಲ, ಮುಳುಗಿದವರೂ ಇಲ್ಲ. ನನಗೆ ಸಿಟ್ಟಿರೋದು ಈ ‘ಆಯ್ತು’ ಮೇಲೆ. ಹುಡುಗಿಯ ತಪ್ಪು ಇಂಗ್ಲಿಷ್‌ನಲ್ಲಿ ಡ್ಯಾಮಾದರೂ ಇತ್ತು, ‘ನಮ್ಮ’ ಅನ್ನೋದಾದರೂ ಇತ್ತು.

‘ಅಸ್ ಆಫ್’ ಸೇರಿಸಿ ಅವಳು ಮೊದಲನೇ ವಾಕ್ಯ ತಿದ್ದಿದಳು. ಎರಡನೆಯದನ್ನು ಯಾರನ್ನೂ ಕೇಳದೆ ಬರೆದಳು: ‘ಮೈ ಫಾದರ್ ಡಿಪ್ರೈವ್ಡ್ ಮಿ ಆಫ್ ಮೈ ಮೊಬೈಲ್.’ ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಅಣ್ಣ ಅದಕ್ಕೆ ಇನ್ನೂ ಸಹಿ ಹಾಕಿಲ್ಲವಂತೆ.