ಎಕ್ಸ್‌ಪೋರ್ಟ್ ಗುಂಡಿ ಒತ್ತುವ ಮುಂಚೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಂಘ, ಮಂಡಿಗಳಲ್ಲಿ ಲೆಕ್ಕ ವೆಬ್ ತಂತ್ರಾಂಶಕ್ಕೆ ಬಂದಲ್ಲೆಲ್ಲ ಒಂದು ಅಭ್ಯಾಸವೂ ಹಿಂದೇ ಬಂದಿದೆ. ಇಡೀ ಪಟ್ಟಿ ಇಳಿಸಿಕೊಳ್ಳೋದು, ಬೇಕಾದ್ದನ್ನು ಎಕ್ಸೆಲ್‌ನಲ್ಲಿ ಆರಿಸಿಕೊಳ್ಳೋದು. ಇದನ್ನು ಬಿಡಲೇಬೇಕು ಅಂತ ನನ್ನ ವಾದ.

ಎಕ್ಸೆಲ್ ಫಿಲ್ಟರ್ ಸಾಲುಗಳನ್ನು ತೆಗೆಯೋದಿಲ್ಲ, ಮುಚ್ಚಿಡುತ್ತೆ ಅಷ್ಟೆ. 'ಹೊಸನಗರ ಶಾಖೆ ಪಟ್ಟಿ' ಅಂತ ವಾಟ್ಸಾಪಿಗೆ ಹಾಕಿದ ಫೈಲಿನಲ್ಲಿ ಉಳಿದೆಲ್ಲ ಶಾಖೆಯವರ ಆಧಾರ್, ಬ್ಯಾಂಕ್ ಖಾತೆ ನಂಬರೂ ಕೂತಿರುತ್ತೆ. ಸಿಕ್ಕವರು ಫಿಲ್ಟರ್ ತೆಗೆದರೆ ಎಲ್ಲ ಬಯಲು. ಹಾಗಾಗಿ ಸೋಸುವ ಕೆಲಸ ಡೇಟಾಬೇಸ್ ಪ್ರಶ್ನೆಯಲ್ಲೇ, ಸರ್ವರ್‌ನಲ್ಲೇ ಆಗಬೇಕು. ಶಾಖೆಯ ಮಿತಿಯನ್ನಂತೂ ಬ್ರೌಸರ್ ಕಳಿಸಿದ ಮಾತಿನ ಮೇಲೆ ಬಿಡಬಾರದು, ಲಾಗಿನ್ ಆದವರ ಹಕ್ಕು ನೋಡಿ ಸರ್ವರ್ರೇ ಹಾಕಬೇಕು. ಬೇಡದ ಕಾಲಂ ಕೂಡ ಅಲ್ಲೇ ಬಿಟ್ಟುಬಿಡಿ.

ಅತಿ ಹೆಚ್ಚು ಕೈಕೊಡೋದು ದಿನಾಂಕ. 01-04-2025ರಿಂದ 31-03-2026 ಅಂತ ಕೊಡುತ್ತೀರಿ. ಕಾಲಂನಲ್ಲಿ ದಿನದ ಜೊತೆ ಗಂಟೆಯೂ ಇದ್ದರೆ ಕೊನೆಯ ದಿನಾಂಕ ಅಂದರೆ 31ರ ಶುರು, ರಾತ್ರಿ 12 ಗಂಟೆ. ಆಮೇಲಿನ ಆ ಇಡೀ ದಿನದ ವ್ಯವಹಾರ ಹೊರಗೆ. ಸಾಲ ಕಟ್ಟೋಕೆ ಜನ ನುಗ್ಗೋ ದಿನವೇ ಅದು! 'ಏಪ್ರಿಲ್ 1ಕ್ಕಿಂತ ಮುಂಚೆ' ಅಂತ ಷರತ್ತು ಬರೆಸಿ. ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಉಳಿಯುತ್ತಿದ್ದರೆ ಇನ್ನೊಂದು ತೊಡಕು: ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಏಪ್ರಿಲ್ 1ರ ಬೆಳಗ್ಗೆ 5:30ರವರೆಗಿನ ನಮೂದು ಹಿಂದಿನ ವರ್ಷಕ್ಕೆ ಬೀಳುತ್ತೆ. ಅಷ್ಟೊತ್ತಿಗೆ ಯಾರು ಬಿಲ್ ಹಾಕ್ತಾರೆ ಅನ್ನಬೇಡಿ, ಬಡ್ಡಿ ತಾನಾಗೇ ಹಾಕುವ ಕೆಲಸ ನಡೆಯೋದು ನಡುರಾತ್ರಿಯಲ್ಲೇ. ವರ್ಷದ ಗಡಿಯನ್ನು ಯುಟಿಸಿಯ ಮಾರ್ಚ್ 31, ಸಂಜೆ 6:30ಕ್ಕೆ ಇಡಬೇಕು.

'ಸ್ಥಿತಿ ರದ್ದು ಅಲ್ಲದ್ದು' ಅಂತ ಕೇಳಿದರೆ ಸ್ಥಿತಿಯೇ ತುಂಬದ ಬಿಲ್ಲುಗಳೂ ಬಿದ್ದುಹೋಗುತ್ತವೆ. ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್‌ನಲ್ಲಿ ನಲ್, ಅಂದರೆ ಏನೂ ತುಂಬದ ಖಾಲಿ ಜಾಗ, ಯಾವುದಕ್ಕೂ ಸಮವೂ ಅಲ್ಲ, ಅಸಮವೂ ಅಲ್ಲ. 'ಅಥವಾ ನಲ್ ಇದ್ದದ್ದು' ಅಂತ ಬೇರೆಯಾಗಿ ಸೇರಿಸಬೇಕು.

ಊರಿನ ಹೆಸರಿನ ಮೇಲೆ ಸೋಸೋದು ನನಗಂತೂ ಇಷ್ಟವಿಲ್ಲ. ಇಂಗ್ಲಿಷಿನಲ್ಲಿ ಶಿವಮೊಗ್ಗದ ಸ್ಪೆಲ್ಲಿಂಗ್ ಬದಲಾದದ್ದು 2014ರಲ್ಲಿ, ಹಳೇ ದಾಖಲೆಗಳಲ್ಲಿ ಹಳೆಯದೇ ಇರುತ್ತೆ. ಹಳೇ ನುಡಿ ಫಾಂಟಿನಿಂದ ಹಾಗೇ ಅಂಟಿಸಿದ ಹೆಸರು ಒಳಗೆ ಯೂನಿಕೋಡ್ ಅಲ್ಲ, ಹುಡುಕಾಟಕ್ಕೆ ಸಿಗೋದೇ ಇಲ್ಲ. ತಾಲ್ಲೂಕಿಗೊಂದು ಕೋಡ್ ಕೊಟ್ಟು ಅದರ ಮೇಲೆ ಸೋಸಿ.

ಅಡಿಕೆ ಬಿಲ್ಲಿನದು ಬೇರೆಯೇ ತಲೆನೋವು. ಒಂದೇ ಬಿಲ್ಲಿನಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ಮೂರೂ ಬಗೆಯ ಅಡಿಕೆ ಇದ್ದರೆ, ಬಿಲ್ಲಿನ ಟೇಬಲನ್ನು ಬಗೆಗಳ ಟೇಬಲ್ ಜೊತೆ ಜೋಡಿಸಿದಾಗ ಬಿಲ್ಲಿನ ಒಟ್ಟು ಮೊತ್ತ ಮೂರು ಸಾಲಲ್ಲೂ ಬರುತ್ತೆ. ಕೂಡಿದರೆ ಮೂರು ಪಟ್ಟು. ಬರೀ ರಾಶಿ ಅಂತ ಸೋಸಿದರೂ ಆ ಸಾಲಿನ ಮುಂದೆ ಬೆಟ್ಟೆ, ಗೊರಬಲಿನ ದುಡ್ಡೂ ಸೇರಿದ ಒಟ್ಟು ಮೊತ್ತವೇ ನಿಂತಿರುತ್ತೆ. ಬಿಲ್ ಪಟ್ಟಿ ಬೇರೆ, ಬಗೆವಾರು ಪಟ್ಟಿ ಬೇರೆ ಇಳಿಸಿ. ಬಗೆವಾರು ಪಟ್ಟಿಯಲ್ಲಿ ಆಯಾ ಬಗೆಯ ತೂಕ, ದರ, ಮೊತ್ತ ಇದ್ದರೆ ಸಾಕು.

ಇಳಿಸುವ ಮುಂಚೆ ಪರದೆಯ ಮೇಲಿನ ಒಟ್ಟು ಸಾಲು, ಒಟ್ಟು ಮೊತ್ತ ಬರೆದುಕೊಂಡು ಫೈಲಿನ ಜೊತೆ ತಾಳೆ ನೋಡಿ. ಕಡಿಮೆ ಬಂದರೆ ದಿನಾಂಕ, ನಲ್ ಮೇಲೆ ಅನುಮಾನಪಡಿ. ಜಾಸ್ತಿ ಬಂದರೆ ಟೇಬಲ್ ಜೋಡಣೆ, ಇಲ್ಲವೇ ಎಕ್ಸ್‌ಪೋರ್ಟ್ ಗುಂಡಿ ನೀವು ಹಾಕಿದ ಫಿಲ್ಟರನ್ನೇ ಕೇಳಿಲ್ಲ. ಸರಿಯಾಗಿ 25 ಅಥವಾ 50 ಸಾಲು ಬಂದಿದ್ದರೆ ಬಹುಶಃ ಕಣ್ಣೆದುರಿನ ಪುಟ ಮಾತ್ರ ಇಳಿದಿದೆ. ತಂತ್ರಾಂಶದವರಿಗೆ ಫೋನ್ ಮಾಡಿ.