ಜಸ್ಟ್ ಐದು ನಿಮಿಷ

ನಿನ್ನೆಯಿಂದ ನನ್ನ ಬಲಗೈ ಹೆಬ್ಬೆರಳು ನೋಯುತ್ತಿದೆ. ಕಾರಣ ಒಂದು ಇಂಗ್ಲಿಷ್ ಪದ. ಜಸ್ಟ್.

ಬೆಳಿಗ್ಗೆ ಎಂಟೂಕಾಲಿಗೆ ಬಚ್ಚಲಿನ ನಲ್ಲಿ ತಿರುಗಿಸಿದೆ. ಅದರ ತಲೆ ಕಿತ್ತು ಕೈಗೆ ಬಂತು, ನೀರು ನೇರ ಮುಖಕ್ಕೆ ಬಂತು. ಟ್ಯಾಂಕಿನ ವಾಲ್ವ್ ಮುಚ್ಚೋಣ ಅಂದ್ರೆ ಅದಕ್ಕೆ ತುಕ್ಕು ಹಿಡಿದು ವರ್ಷಗಳಾಗಿವೆ. ತಿರುಗಿಸಲು ಹೋದವರ ಅಂಗೈ ಚರ್ಮ ಮಾತ್ರ ತಿರುಗುತ್ತದೆ. ಸರಿ, ತೂತಿಗೆ ಹೆಬ್ಬೆರಳು ಒತ್ತಿಕೊಂಡು ನಿಂತೆ. ಮಗಳು ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮುಖದ ಹತ್ರ ಹಿಡಿದಳು. ಪ್ಲಂಬರ್ ಮೊದಲನೇ ರಿಂಗಿಗೇ ಎತ್ತಿದ. ಇಷ್ಟು ಸುಲಭವಾಗಿ ಸಿಕ್ಕಾಗಲೇ ನನಗೆ ಅನುಮಾನ ಬರಬೇಕಿತ್ತು.

"ಜಸ್ಟ್ ಐದು ನಿಮಿಷ ಸಾರ್, ಬಂದೆ."

'ಬಂದೆ' ಅಂದರೆ ಇನ್ನೂ ಹೊರಟಿಲ್ಲ ಅಂತ ನಮಗೆಲ್ಲ ಗೊತ್ತು. ವ್ಯಾಕರಣದ ಪುಸ್ತಕದಲ್ಲಿ ಮಾತ್ರ ಅದು ಭೂತಕಾಲ.

ಎಂಟೂ ಮುಕ್ಕಾಲಿಗೆ ಮತ್ತೆ ಫೋನ್. "ಜಸ್ಟ್ ಹೊರಟೆ ಸಾರ್, ಗಾಡಿ ಮೇಲಿದ್ದೀನಿ." ಮಾತಿನ ಹಿಂದೆ ಚೊಂಬಿನಿಂದ ನೀರು ಸುರಿದುಕೊಳ್ಳುವ ಸದ್ದು. ಒಂದು ಚೊಂಬು. ಸ್ವಲ್ಪ ಬಿಟ್ಟು ಇನ್ನೊಂದು. ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಗಾಡಿ ಮೇಲೆ ಕೂತು ಯಾರಪ್ಪಾ ಸ್ನಾನ ಮಾಡ್ತಾರೆ? ಆತನ ದನಿ ನಾಲ್ಕು ಗೋಡೆಗೆ ಬಡಿದು ಗುಂಯ್ ಅಂತಿತ್ತು. ಮೂರನೇ ಚೊಂಬಿಗೆ "ಟ್ರಾಫಿಕ್ಕು ಸಾರ್" ಅಂದ. ನಾಲ್ಕನೆಯದಕ್ಕೆ "ಉಸ್ಸ್" ಅಂದ, ನೀರು ಬಿಸಿ ಜಾಸ್ತಿಯಾಗಿತ್ತೋ ಏನೋ. ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವ ರಭಸಕ್ಕೆ ಫೋನ್ ಅಲ್ಲಾಡುತ್ತಿತ್ತು. ನನಗೆ ಮೈಯೆಲ್ಲ ಉರಿ. ಆದರೆ ಬೈದರೆ ಆತ ಬರುವುದೇ ಇಲ್ಲ. ಬೆರಳನ್ನು ನಲ್ಲಿಗೆ ಕೊಟ್ಟು ನಿಂತವನು ಯಾರ ಮೇಲೆ ತಾನೆ ರೇಗಲಿಕ್ಕಾಗುತ್ತೆ?

"ಹುಷಾರಾಗಿ ಬನ್ನಿ, ರಸ್ತೆ ಜಾರುತ್ತೆ" ಅಂದೆ.

"ಹೌದು ಸಾರ್, ಸಿಕ್ಕಾಪಟ್ಟೆ ನೀರು" ಅಂದ ಪುಣ್ಯಾತ್ಮ.

ಆಮೇಲೆ ಮಾಡಲು ಬೇರೆ ಕೆಲಸ ಇರಲಿಲ್ಲ. ಆ ಪದದ ಬಗ್ಗೆಯೇ ಯೋಚಿಸುತ್ತಾ ನಿಂತೆ. ಮಗಳ ಟೀ ಶರ್ಟಿನ ಮೇಲೂ ಅದೇ: ಜಸ್ಟ್ ಡೂ ಇಟ್. ಶೂ ಮಾಡುವ ನೈಕಿ ಕಂಪನಿಗೆ 1988ರಲ್ಲಿ ಈ ಸಾಲು ಕೊಟ್ಟವನು ಡಾನ್ ವೈಡನ್ ಎಂಬ ಜಾಹೀರಾತಿನವನು. ಅವನಿಗೆ ಅದು ಹೊಳೆದದ್ದು ಗ್ಯಾರಿ ಗಿಲ್ಮೋರ್ ಎಂಬ ಕೊಲೆಗಾರನ ಕೊನೆಯ ಮಾತಿನಿಂದ. 1977ರಲ್ಲಿ ಅಮೆರಿಕದ ಯೂಟಾದಲ್ಲಿ ಮರಣದಂಡನೆಗೆಂದು ಗುಂಡು ಹೊಡೆಯುವವರ ಮುಂದೆ ಕೂತು ಆತ "ಲೆಟ್ಸ್ ಡೂ ಇಟ್" ಅಂದಿದ್ದನಂತೆ. ವೈಡನ್ 'ಲೆಟ್ಸ್' ತೆಗೆದು 'ಜಸ್ಟ್' ಹಾಕಿದ. ನನ್ನ ಅವತ್ತಿನ ಪರಿಸ್ಥಿತಿಗೆ ಮೂಲ ಕಥೆಯೇ ಚೆನ್ನಾಗಿ ಹೊಂದುತ್ತಿತ್ತು.

ಸಂಜೆ ಸಿಟ್ಟು ಇಳಿಯದೆ ನಿಘಂಟು ತೆಗೆದು ಕೂತೆ. ಜಸ್ಟ್ ಲ್ಯಾಟಿನ್ನಿನಿಂದ ಬಂದ ದೊಡ್ಡ ಮನೆತನದ ಪದ. 'ಜುಸ್' ಅಂದರೆ ಕಾನೂನು, ಹಕ್ಕು. ಜಸ್ಟಿಸ್ ಇದರ ಒಡಹುಟ್ಟು. ಮೊದಲು ಇದ್ದ ಅರ್ಥ ನ್ಯಾಯವಾದದ್ದು. ಆಮೇಲೆ ಸರಿಯಾಗಿ, ಕರಾರುವಾಕ್ಕಾಗಿ ಅಂತಾಯ್ತು. 17ನೇ ಶತಮಾನದ ಹೊತ್ತಿಗೆ ಇಳಿದು 'ಬರೀ, ಅಷ್ಟೇ' ಆಯ್ತು. ಮುಂದಿನ ಇಳಿತವನ್ನು ನಮ್ಮ ಪ್ಲಂಬರ್ ನೋಡಿಕೊಂಡಿದ್ದಾನೆ. ಅಡ್ಜಸ್ಟ್ ಇದರ ತಮ್ಮನಿರಬೇಕು ಅಂದುಕೊಂಡಿದ್ದೆ. ಅಲ್ಲವಂತೆ. ಅದು 'ಹತ್ತಿರ' ಅನ್ನುವ ಅರ್ಥದ ಬೇರೆ ಲ್ಯಾಟಿನ್ ಪದದಿಂದ ಬಂದದ್ದು, ಹೆಸರು ಮಾತ್ರ ಒಂದೇ ಥರ. ನಮಗೋ ಎರಡೂ ಜೋಡಿಯಾಗಿಯೇ ಬರುತ್ತವೆ: ಅವರು ಜಸ್ಟ್ ಅಂತಾರೆ, ನಾವು ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ.

ದಕ್ಷಿಣ ಆಫ್ರಿಕಾದವರು ವಾಸಿ. ಅಲ್ಲಿನ ಇಂಗ್ಲಿಷಿನಲ್ಲಿ 'ಜಸ್ಟ್ ನೌ' ಅಂದರೆ ಈಗ ಅಂತಲ್ಲ, ಇನ್ನೊಂದಷ್ಟು ಹೊತ್ತು ಬಿಟ್ಟು, ಯಾವಾಗಲೋ ಅಂತ. ಬೇಗ ಆಗಬೇಕಾದರೆ 'ನೌ ನೌ' ಅಂತಾರೆ. ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಮೋಸ ಅನ್ನುವ ಮಾತೇ ಇಲ್ಲ. ನಾವು ಹಾಗಲ್ಲ, ಪ್ರತಿ ಸಲವೂ ಹೊಸದಾಗಿ ನಂಬುತ್ತೇವೆ.

ಮೂರು ಅಂಕ ಕಡಿಮೆಯಾದರೆ 'ಜಸ್ಟ್ ಮಿಸ್', ಒಂದು ಅಂಕ ಹೆಚ್ಚಾದರೆ 'ಜಸ್ಟ್ ಪಾಸ್'. ಆಫೀಸಿನಲ್ಲಿ "ಜಸ್ಟ್ ಒಂದು ಸಣ್ಣ ಕೆಲಸ" ಅಂದರೆ ಸಂಜೆ ಹೋಯ್ತು ಅಂತ ಲೆಕ್ಕ. "ಜಸ್ಟ್ ಕೇಳ್ದೆ" ಅನ್ನುವವರಿಗೆ ಸಂಬಳದಿಂದ ಹಿಡಿದು ತೂಕದವರೆಗೆ ಎಲ್ಲ ಬೇಕು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ 'ಸುಮ್ನೆ'. ಮೊದಲೆಲ್ಲ ಜನ ಸುಮ್ನೆ ಮನೆಗೆ ಬರುತ್ತಿದ್ದರು. ಯಾಕೆ ಬಂದ್ರಿ ಅಂತ ಯಾರೂ ಕೇಳುತ್ತಿರಲಿಲ್ಲ. ಅವರಿಗೂ ಗೊತ್ತಿರುತ್ತಿರಲಿಲ್ಲ. ಅರ್ಧ ಗಂಟೆ ಕೂತು, "ಸರಿ, ಬರ್ಲಾ?" ಅಂತ ಎದ್ದು ಹೋಗುತ್ತಿದ್ದರು. ಈಗ ಯಾರಾದರೂ "ಜಸ್ಟ್ ಹಾಗೇ ಕಾಲ್ ಮಾಡ್ದೆ" ಅಂದರೆ ಸಾಲವೋ ಶಿಫಾರಸೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಸುಮ್ನೆ ಫೋನ್ ಮಾಡುವುದು ಅಮ್ಮ ಒಬ್ಬಳೇ. ನಾನು ನಲ್ಲಿಗೆ ಬೆರಳು ಕೊಟ್ಟು ನಿಂತಿದ್ದಾಗಲೂ ಮಾಡಿದ್ದಳು.

"ಏನಿಲ್ಲಪ್ಪ, ಸುಮ್ನೆ ಮಾಡ್ದೆ."

"ಅಮ್ಮಾ, ಜಸ್ಟ್ ಎರಡು ನಿಮಿಷ. ನಾನೇ ಮಾಡ್ತೀನಿ."

ಪ್ಲಂಬರ್ ಬಂದಾಗ ಹತ್ತಕ್ಕೆ ಹತ್ತು ನಿಮಿಷ ಇತ್ತು. ತಲೆ ನೀಟಾಗಿ ಬಾಚಿತ್ತು, ಕಿವಿಯ ಹಿಂದೆ ಒಂದಿಷ್ಟು ಸೋಪಿನ ನೊರೆ ಒಣಗಿತ್ತು. ನಾನು ಬೆರಳು ತೆಗೆದೆ. ಬೆಳ್ಳಗೆ ಮುದುರಿ ಯಾರದೋ ಬೆರಳಿನ ಹಾಗೆ ಕಾಣುತ್ತಿತ್ತು. ಆತ ಅದನ್ನು ನೋಡಿದ, ನಲ್ಲಿಯನ್ನು ನೋಡಿದ, "ಇಷ್ಟೇನಾ? ಜಸ್ಟ್ ಥ್ರೆಡ್ ಹೋಗಿದೆ ಸಾರ್" ಅಂದ. ಟೇಪ್ ಸುತ್ತಿ, ಹೊಸದನ್ನು ತಿರುಗಿಸಿ ಕೂರಿಸಿ ಎದ್ದ. ಮಗಳು ಫೋನಿನಲ್ಲಿ ಟೈಮ್ ನೋಡಿದಳು. ಸರಿಯಾಗಿ ಐದು ನಿಮಿಷ.

ಅಮ್ಮನ ನೆನಪಾದಾಗ ರಾತ್ರಿ ಒಂಬತ್ತೂವರೆ. ಆ ಹೊತ್ತಿಗೆ ಹೊಸ ನಲ್ಲಿಯೂ ತೊಟ್ಟಿಕ್ಕಲು ಶುರು ಮಾಡಿತ್ತು, ನಾನು ಬಚ್ಚಲಲ್ಲೇ ನಿಂತು ಅದರ ಕೆಳಗೆ ಬಕೆಟ್ ಇಡುತ್ತಾ ಫೋನ್ ಮಾಡಿದೆ.

"ಅಮ್ಮಾ, ಕೆಲಸ ಮುಗಿಸಿ ಜಸ್ಟ್ ಈಗ ಬಂದು ಕೂತೆ ನೋಡು."

"ಹೌದಾ? ಅದೇನೋ ಅದು, ನೀರಿನ ಸದ್ದು?"