ಬಾಣಂತಿಯರ ಕಬ್ಬಿಣದ ಮಾತ್ರೆ: ಆ ಮೆಸೇಜ್ ಸರಿಯಿಲ್ಲ

"ಹೆರಿಗೆ ಆದ ಮೇಲೆ ಕಬ್ಬಿಣದ ಮಾತ್ರೆ ನಿಲ್ಲಿಸಿ, ಎದೆಹಾಲಿಗೆ ಸೇರಿ ಮಗುವಿಗೆ ಮಲಬದ್ಧತೆ ಆಗುತ್ತೆ" ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಮೆಸೇಜ್ ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ತಾಯಿ ಮಾತ್ರೆ ನುಂಗಿದರೂ ಬಿಟ್ಟರೂ ಹಾಲಿನಲ್ಲಿರುವ ಕಬ್ಬಿಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮಲ ಕಪ್ಪಾಗುವುದು, ಗಟ್ಟಿಯಾಗುವುದು ತಾಯಿಗೆ, ಮಗುವಿಗಲ್ಲ. ರಕ್ತಹೀನತೆ ತಡೆಯಲು ಕೇಂದ್ರ ಸರ್ಕಾರ ನಡೆಸುವ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಹೆರಿಗೆಯ ನಂತರ 180 ದಿನ, ದಿನಕ್ಕೊಂದು ಕೆಂಪು ಮಾತ್ರೆ. ಅದರಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಹೆರಿಗೆಯಲ್ಲಿ ಹೋದ ರಕ್ತ ತುಂಬಿಕೊಳ್ಳಬೇಕಲ್ವಾ? ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆ ನುಂಗಬೇಡಿ, ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಕಾಫಿ, ಟೀ ಜೊತೆಯಂತೂ ಬೇಡವೇ ಬೇಡ. ಹೊಟ್ಟೆಗೆ ಒಗ್ಗದಿದ್ದರೆ ಸುಮ್ನೆ ನಿಲ್ಲಿಸುವ ಬದಲು ಡಾಕ್ಟರನ್ನು ಕೇಳಿ.